ಓದದೆ ಹಾಕಿದ ಸರಿ ಗುರುತು

ಕಳೆದ ವಾರ ನನ್ನ ತಂಗಿಯ ಮೊಮ್ಮಗ, ಬಿ.ಎ. ವಿದ್ಯಾರ್ಥಿ, ತನ್ನ ಅಸೈನ್‌ಮೆಂಟ್ ತಂದು ತೋರಿಸಿದ. ವಿಷಯ: ಬಳ್ಳಾರಿ ಜಿಲ್ಲೆ ಮತ್ತು ಕರ್ನಾಟಕ ಏಕೀಕರಣ. ಹನ್ನೆರಡು ಪುಟ, ಪುಟಕ್ಕೊಂದು ಕೆಂಪು ಸರಿ ಗುರುತು, ಕೊನೆಯಲ್ಲಿ 'ಗುಡ್', ಅದರಡಿ ಸಹಿ, 10ಕ್ಕೆ 9 ಅಂಕ. ಮೂರನೆಯ ಪುಟದಲ್ಲಿ, ಬಳ್ಳಾರಿಯು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು ಎಂದು ಬರೆದಿದ್ದ. ಸರಿ ಗುರುತು ಬಿದ್ದದ್ದು ಆ ವಾಕ್ಯದ ಮೇಲೆಯೇ!

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅದು ಯೋಚಿಸಿ ಮಾಡಿದ ತಪ್ಪು. ಸಂವಿಧಾನದ 371ಜೆ ವಿಧಿಯ ಸೌಲಭ್ಯದಲ್ಲಿ ಬೀದರ, ಕಲಬುರಗಿಗಳೊಡನೆ ಬಳ್ಳಾರಿಯೂ ಇರುವುದರಿಂದ ನಾವೂ ಹೈದರಾಬಾದ್ ಸಂಸ್ಥಾನದವರೆಂದೇ ಊಹಿಸಿದ. ವಾಸ್ತವದಲ್ಲಿ ನಿಜಾಮರು 1800ರಲ್ಲಿಯೇ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಿದ್ದರು. ಬಳಿಕ ಮದರಾಸಿಗೆ ಸೇರಿದ್ದ ನಾವು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದೆವು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದ ಪಾಲಾದವು. 'ಹೀಗೆಂದು ಏಕೆ ತಿಳಿದೆ?' ಎಂದು ಅಂಚಿನಲ್ಲಿ ಒಂದು ಸಾಲು ಬರೆದಿದ್ದರೆ ಹುಡುಗನಿಗೆ ಈ ಇತಿಹಾಸವೆಲ್ಲ ತೆರೆದುಕೊಳ್ಳುತ್ತಿತ್ತು. ಓದದೆ ಕೊಟ್ಟ ಒಂಬತ್ತು ಅಂಕ ಔದಾರ್ಯವೆಂದು ನಾನು ಒಪ್ಪಲಾರೆ, ಅದು ಉಪೇಕ್ಷೆ.

ಅತಿಥಿ ಉಪನ್ಯಾಸಕರಾಗಿರುವ ನನ್ನ ಹಳೆಯ ಶಿಷ್ಯರು ಆಕ್ಷೇಪಿಸುವುದು ಬಲ್ಲೆ: ನೂರಾರು ಪ್ರತಿಗಳು, ಅಂಕ ತುಂಬುವ ಗಡುವು, ಬರುವ ವರ್ಷ ಕೆಲಸ ಉಂಟೋ ಇಲ್ಲವೋ ಎಂಬ ಚಿಂತೆ. ಎಲ್ಲವೂ ನಿಜವೇ. ಹಾಗಾದರೆ ಹನ್ನೆರಡು ಪುಟ ಬರೆಸುವುದೇಕೆ? ಎರಡು ಪುಟ ಬರೆಸಿ, ಎರಡನ್ನೂ ಓದಿ, ಒಂದು ಪ್ರಶ್ನೆ ಕೇಳಿರಪ್ಪಾ! ಗುರುಗಳು ಪುಟ ಎಣಿಸುತ್ತಾರೆಯೇ ಹೊರತು ಓದುವುದಿಲ್ಲವೆಂದು ವಿದ್ಯಾರ್ಥಿಗಳಿಗೆ ಗೊತ್ತು. ಆದ್ದರಿಂದಲೇ ಅವರು ನಕಲು ಮಾಡುತ್ತಾರೆ. ಈಗಂತೂ ಮೊಬೈಲೇ ಬರೆದುಕೊಡುತ್ತದೆ.

ನನ್ನ ಕೈಯಲ್ಲಿ ಕಲಿತವರು ಇದನ್ನೋದಿ ನಗಬಹುದು. ನಾನೂ ಮಾರ್ಚ್ ತಿಂಗಳಲ್ಲಿ ಕಟ್ಟುಗಟ್ಟಲೆ ನೋಟುಪುಸ್ತಕಗಳಿಗೆ 'ನೋಡಿದೆ' ಎಂದು ರುಜು ಹಾಕಿದವನೇ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಕುರುಗೋಡಿನ ಕಡೆಯ ಹುಡುಗಿಯೊಬ್ಬಳು ತನ್ನ ಮನೆಯ ಮೆಣಸಿನಕಾಯಿ ಹೊಲದ ಬಗ್ಗೆ ಪ್ರಬಂಧ ಬರೆದಿದ್ದಳು. ಒತ್ತಕ್ಷರ, ದೀರ್ಘಗಳ ತಪ್ಪಿಗೆಲ್ಲ ಗೆರೆ ಎಳೆದೆಳೆದು ಹಾಳೆಯನ್ನೇ ಕೆಂಪಾಗಿಸಿದೆ. ಹೊಲದ ಬಗ್ಗೆ ಒಂದು ಮಾತೂ ಬರೆಯಲಿಲ್ಲ. ಮುಂದೆ ಆಕೆ ಗೈಡ್ ನೋಡಿ ಬರೆದ ಪ್ರಬಂಧಗಳನ್ನಷ್ಟೇ ಕೊಡತೊಡಗಿದಳು. ಅವುಗಳಲ್ಲಿ ತಪ್ಪೇ ಇರುತ್ತಿರಲಿಲ್ಲ.

ಮೊಮ್ಮಗನ ಮೂರನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ, 'ನಿಜಾಮರೋ, ಮದರಾಸೋ? 1953 ನೋಡು' ಎಂದು ಬರೆದುಕೊಟ್ಟೆ. ಎರಡು ದಿನ ಬಿಟ್ಟು ಬಂದವನು, ನಮ್ಮ ತಾಯಿಯ ತವರಾದ ಆದವಾನಿ ಆಂಧ್ರಕ್ಕೆ ಹೋದದ್ದೇಕೆಂದು ಕೇಳುತ್ತ ಊಟದ ಹೊತ್ತಾದರೂ ಏಳಲಿಲ್ಲ. ಹೊರಡುವಾಗ, "ಇದನ್ನ ತಿದ್ದಿ ಬರೀತೀನಿ ತಾತಾ, ಆದರೆ ಮಾರ್ಕ್ಸ್ ಆಗಲೇ ಹಾಕಿಬಿಟ್ಟಿದಾರೆ, ಯಾರಿಗೆ ಕೊಡಲಿ?" ಎಂದ.