ಕೈಗಾದ ಪಾಠ, ಸಿಯಾಯಾದ ಪರೀಕ್ಷೆ

ಕೀನ್ಯಾ ತನ್ನ ಮೊದಲ ಅಣುವಿದ್ಯುತ್ ಸ್ಥಾವರಕ್ಕೆ ಜಾಗ ಹುಡುಕ್ತಾ ಇದೆ. ಮೊದಲು ಹೆಸರು ಕೇಳಿಬಂದದ್ದು ಕಿಲಿಫಿ ಕೌಂಟಿಯ ಉಯೊಂಬೊ, ಹಿಂದೂ ಮಹಾಸಾಗರದ ದಡದಲ್ಲಿರೋ ಮೀನುಗಾರರ ಊರು. ಹತ್ತಿರದಲ್ಲೇ ವಟಾಮು ಸಾಗರ ಉದ್ಯಾನ, ಅರಬುಕೊ ಸೊಕೊಕೆ ಕಾಡು. 2024ರ ಮೇ ತಿಂಗಳಲ್ಲಿ ಅಲ್ಲಿನ ಜನ ಬೀದಿಗಿಳಿದರು, ಪೊಲೀಸರ ಜೊತೆ ಘರ್ಷಣೆ ಆಯ್ತು. 2025ರ ಹೊತ್ತಿಗೆ ಸರ್ಕಾರದ ಕಣ್ಣು ದೇಶದ ಇನ್ನೊಂದು ತುದಿಗೆ, ವಿಕ್ಟೋರಿಯಾ ಸರೋವರದ ದಡದ ಸಿಯಾಯಾ ಕೌಂಟಿಯ ಕಡೆ ತಿರುಗಿತು.

ಇಲ್ಲಿ ಓದೋಕೆ ಬಂದ ನಮಗೆ ಈ ಉಸಾಬರಿ ಯಾಕೆ ಅಂತ ಕೇಳಬಹುದು. ಆದರೆ ಇದೇ ವಾದ ನಮ್ಮ ಉತ್ತರ ಕನ್ನಡದಲ್ಲಿ ನಲವತ್ತು ವರ್ಷದಿಂದ ನಡೀತಾನೇ ಇದೆ. ಸ್ಥಾವರ ಬೇಕೋ ಬೇಡವೋ ಅನ್ನೋ ತೀರ್ಮಾನ ಕೀನ್ಯಾದ ಜನರದ್ದು, ಅದರಲ್ಲಿ ಮೂಗು ತೂರಿಸೋ ಹಕ್ಕು ನನಗಿಲ್ಲ. ನಾನು ಹೇಳೋದು ಇಷ್ಟೇ: ಮೊದಲ ಗುದ್ದಲಿ ಬೀಳೋ ಮುಂಚೆ ಸುತ್ತಲಿನ ಜನರ ಆರೋಗ್ಯದ ಲೆಕ್ಕ ಬರೆದಿಡಬೇಕು, ಮತ್ತು ಆ ಲೆಕ್ಕದ ಪುಸ್ತಕ ಸ್ಥಾವರ ನಡೆಸೋರ ಕೈಲಿ ಇರಬಾರದು. ಅದಾಗದೆ ಸ್ಥಾವರ ಕಟ್ಟೋದು ತಪ್ಪು.

ಮೊದಲು ವಿಜ್ಞಾನದ ಮಾತು. ಅಣುವಿದ್ಯುತ್ ಅಂದ ತಕ್ಷಣ ಒಬ್ಬರು ಚೆರ್ನೋಬಿಲ್ ಅಂತಾರೆ, ಇನ್ನೊಬ್ಬರು ಫ್ರಾನ್ಸ್ ನೋಡಿ ಅಂತಾರೆ. ಇಬ್ಬರ ಮಾತಲ್ಲೂ ಹುರುಳಿದೆ. 1986ರ ಚೆರ್ನೋಬಿಲ್ ದುರಂತದಲ್ಲಿ ವಿಕಿರಣಶೀಲ ಅಯೋಡಿನ್ ಹುಲ್ಲಿಗೆ ಬಿತ್ತು, ಹಸುವಿಗೆ ಹೋಯ್ತು, ಹಾಲಲ್ಲಿ ಬಂತು, ಮಕ್ಕಳ ಥೈರಾಯ್ಡ್ ಗ್ರಂಥಿ ಸೇರಿತು. 2005ರ ಹೊತ್ತಿಗೆ, ಆಗ ಮಕ್ಕಳಾಗಿದ್ದವರಲ್ಲಿ 6,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಕಂಡುಬಂದವು. ಅದರಲ್ಲಿ ಗಣನೀಯ ಪಾಲಿಗೆ ಆ ಹಾಲೇ ಕಾರಣ ಅನ್ನೋದನ್ನ ವಿಶ್ವಸಂಸ್ಥೆಯ ವಿಜ್ಞಾನಿಗಳೂ ಒಪ್ಪಿದ್ದಾರೆ. 2011ರ ಫುಕುಶಿಮಾದಲ್ಲಿ ವಿಕಿರಣಕ್ಕಿಂತ ಹೆಚ್ಚು ಜೀವ ತೆಗೆದದ್ದು ಸ್ಥಳಾಂತರದ ಗಡಿಬಿಡಿ ಮತ್ತು ಆಮೇಲಿನ ಬವಣೆ. ಸತ್ತವರಲ್ಲಿ ಹೆಚ್ಚಿನವರು ವಯಸ್ಸಾದವರು.

ಅಪಘಾತ ಆಗದೆ ಮಾಮೂಲಾಗಿ ನಡೆಯೋ ಸ್ಥಾವರದ ಕಥೆ ಬೇರೆ. ಪ್ರಕೃತಿಯಿಂದಲೇ ನಮ್ಮ ಮೈಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಗಲುತ್ತೆ. ಸ್ಥಾವರದಿಂದ ಸಾರ್ವಜನಿಕರಿಗೆ ತಗಲಬಹುದಾದ್ದಕ್ಕೆ ಇರೋ ಮಿತಿ ವರ್ಷಕ್ಕೆ 1. ನಿಜವಾಗಿ ಅಳೆದಾಗ ಸಿಗೋದು ಅದಕ್ಕಿಂತ ಬಹಳ ಕಡಿಮೆ. ಹಾಗಂತ ಪ್ರಶ್ನೆ ಮುಗಿದಿಲ್ಲ. 2007ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದು 16 ಸ್ಥಾವರಗಳ ಸುತ್ತ ನೋಡಿ, 5 ಕಿಲೋಮೀಟರ್ ಒಳಗಿನ ಐದು ವರ್ಷದ ಕೆಳಗಿನ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಸುಮಾರು ಎರಡು ಪಟ್ಟು ಇದೆ ಅಂತ ಹೇಳಿತು. ಅಳೆದ ವಿಕಿರಣದ ಪ್ರಮಾಣದಿಂದ ಇದನ್ನ ವಿವರಿಸೋಕೆ ಆಗಲ್ಲ ಅಂತಲೂ ಅದೇ ಹೇಳಿತು. ಬ್ರಿಟನ್ನಿನ ತಜ್ಞರ ಸಮಿತಿ ತಮ್ಮ ಸ್ಥಾವರಗಳ ಸುತ್ತ ಅಂಥ ಗಟ್ಟಿ ಸಾಕ್ಷ್ಯ ಸಿಗಲಿಲ್ಲ ಅಂದಿತು. ಈ ಜಗಳವಾದರೂ ಸಾಧ್ಯವಾದದ್ದು ಯಾಕೆ? ಆ ದೇಶಗಳಲ್ಲಿ ಮಕ್ಕಳ ಕ್ಯಾನ್ಸರಿನ ನೋಂದಣಿ ಪುಸ್ತಕ ಇತ್ತು, ಅದನ್ನ ತೆರೆದು ನೋಡೋಕೆ ಆಯ್ತು.

ಈಗ ಕೈಗಾಕ್ಕೆ ಬರೋಣ. ಕಾಳಿ ನದಿಯ ಕದ್ರಾ ಜಲಾಶಯದ ಪಕ್ಕ, ಪಶ್ಚಿಮ ಘಟ್ಟದ ದಟ್ಟ ಕಾಡಿನ ನಡುವೆ ಸ್ಥಾವರ ಕಟ್ಟೋಕೆ ಹೊರಟಾಗ ಜಿಲ್ಲೆ ಎದ್ದು ನಿಂತಿತು. ಶಿವರಾಮ ಕಾರಂತರು 1989ರಲ್ಲಿ, 87ರ ವಯಸ್ಸಿನಲ್ಲಿ, ಪರಿಸರದ ವಿಷಯ ಇಟ್ಟುಕೊಂಡು ಲೋಕಸಭೆ ಚುನಾವಣೆಗೇ ನಿಂತರು, ಸೋತರು. 1994ರ ಮೇ 13ರಂದು ಕಟ್ಟುತ್ತಿದ್ದ ಮೊದಲ ಘಟಕದ ಗುಮ್ಮಟದ ಕಾಂಕ್ರೀಟು ಒಳಗಡೆಯಿಂದ ಕಳಚಿ ಬಿತ್ತು, ನೂರಕ್ಕೂ ಹೆಚ್ಚು ಟನ್. ಇಂಧನ ಇನ್ನೂ ತುಂಬಿರಲಿಲ್ಲ, ಅದು ಪುಣ್ಯ. ಗುಮ್ಮಟವನ್ನ ಹೊಸ ವಿನ್ಯಾಸದಲ್ಲಿ ಮತ್ತೆ ಕಟ್ಟಿದರು. ಅದೇ ಮೊದಲ ಘಟಕ ಮುಂದೆ 2018ರ ಡಿಸೆಂಬರ್‌ವರೆಗೆ 962 ದಿನ ಒಂದೇ ಸಮನೆ ನಡೆದು ವಿಶ್ವದಾಖಲೆ ಮಾಡಿತು. ಈ ಎರಡನ್ನೂ ಒಟ್ಟಿಗೆ ನೆನಪಿಡಬೇಕು. ಕೈಗಾವನ್ನ ಬೈಯೋರು ಎರಡನೆಯದನ್ನ ಹೇಳಲ್ಲ, ಹೊಗಳೋರು ಮೊದಲನೆಯದನ್ನ ಹೇಳಲ್ಲ.

2009ರ ನವೆಂಬರ್‌ನಲ್ಲಿ ಇನ್ನೊಂದು ಘಟನೆ. ಸ್ಥಾವರದೊಳಗೆ ಕುಡಿಯೋ ನೀರಿನ ಕೂಲರ್‌ಗೆ ಟ್ರೀಷಿಯಂ ಇದ್ದ ಭಾರಜಲ ಸೇರಿ, ಐವತ್ತಕ್ಕೂ ಹೆಚ್ಚು ನೌಕರರ ಮೂತ್ರದಲ್ಲಿ ಅದು ಪತ್ತೆಯಾಯ್ತು. ಒಳಗಿನವರದ್ದೇ ಕಿಡಿಗೇಡಿತನ ಅಂತ ಅಧಿಕಾರಿಗಳು ಹೇಳಿದರು. ಗಮನಿಸಿ, ಇದು ಗೊತ್ತಾದದ್ದು ನೌಕರರ ಮೂತ್ರವನ್ನ ನಿಯಮದಂತೆ ಪರೀಕ್ಷೆ ಮಾಡ್ತಿದ್ದರಿಂದ. ಗೇಟಿನ ಒಳಗೆ ಅಳತೆ ಇತ್ತು, ಹಾಗಾಗಿ ಸತ್ಯ ಹೊರಬಂತು.

ಗೇಟಿನ ಹೊರಗೆ? ಮಣ್ಣು, ನೀರು, ಎಲೆಗಳ ಲೆಕ್ಕ ಇದೆ. ಮಂಗಳೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು ವರ್ಷಗಟ್ಟಲೆ ಕೈಗಾದ ಕಾಡು ಸುತ್ತಿ, ಅಲ್ಲಿನ ಸಹಜ ವಿಕಿರಣವನ್ನ ಅಳೆದು ಪ್ರಕಟಿಸಿದ್ದಾರೆ. ಕನ್ನಡ ನಾಡಿನ ಒಂದು ವಿಶ್ವವಿದ್ಯಾಲಯ ಮಾಡಿದ ಒಳ್ಳೇ ಕೆಲಸ ಅದು. ಆದರೆ ಮನುಷ್ಯರ ಲೆಕ್ಕದಲ್ಲಿ ಎರಡೂ ಕಡೆಯವರು ಒಪ್ಪೋ ಪುಸ್ತಕ ಒಂದೂ ಇಲ್ಲ. 2018ರ ಡಿಸೆಂಬರ್‌ನಲ್ಲಿ 5 ಮತ್ತು 6ನೇ ಘಟಕಗಳಿಗಾಗಿ ಅಹವಾಲು ಸಭೆ ನಡೆದಾಗಲೂ ಜನ ಎತ್ತಿದ್ದು ಕ್ಯಾನ್ಸರಿನ ಮಾತನ್ನೇ. ‘ನಮ್ಮೂರಲ್ಲಿ ಜಾಸ್ತಿಯಾಗಿದೆ’ ಅಂತ ಇವರು, ‘ಸಂಬಂಧ ಇಲ್ಲ’ ಅಂತ ಅವರು.

ಇಬ್ಬರೂ ಸುಳ್ಳು ಹೇಳ್ತಿಲ್ಲದೆ ಇರಬಹುದು. ಎರಡು ಸಾವಿರ ಜನರ ಊರು ಅಂತಿಟ್ಕೊಳ್ಳಿ. ಭಾರತದ ಸರಾಸರಿ ಲೆಕ್ಕದಲ್ಲಿ ಅಲ್ಲಿ ವರ್ಷಕ್ಕೆ ಸುಮಾರು ಎರಡು ಹೊಸ ಕ್ಯಾನ್ಸರ್ ಬರುತ್ತೆ. ಒಂದು ವರ್ಷ ಒಂದೂ ಇರಲ್ಲ, ಇನ್ನೊಂದು ವರ್ಷ ಐದು. ಐದು ಬಂದ ವರ್ಷ ಇಡೀ ಊರು ಚಿಮಣಿ ಕಡೆ ನೋಡುತ್ತೆ. ಜೊತೆಗೆ ಆಸ್ಪತ್ರೆ, ಸ್ಕ್ಯಾನಿಂಗು ಹತ್ತಿರ ಬಂದ ಹಾಗೆ, ಮೊದಲು ‘ಏನೋ ಹೊಟ್ಟೆನೋವಿನಲ್ಲಿ ಹೋದರು’ ಅನ್ನಿಸಿಕೊಳ್ತಿದ್ದ ಸಾವಿಗೆ ಈಗ ಹೆಸರು ಬರುತ್ತೆ. ಯಾವುದು ಆಕಸ್ಮಿಕ, ಯಾವುದು ನಿಜವಾದ ಏರಿಕೆ ಅಂತ ಬಿಡಿಸಿ ಹೇಳೋಕೆ ದೊಡ್ಡ ಪ್ರದೇಶದ, ಹತ್ತಾರು ವರ್ಷಗಳ, ಸ್ಥಾವರಕ್ಕಿಂತ ಮುಂಚಿನ ಲೆಕ್ಕ ಬೇಕು. ಅಂಥ ಲೆಕ್ಕ ಇಲ್ಲದ ಕಡೆ ತಾಯಿಯ ದುಃಖಕ್ಕೂ ಉತ್ತರ ಇಲ್ಲ, ಎಂಜಿನಿಯರನ ಪ್ರಾಮಾಣಿಕತೆಗೂ ಬೆಲೆ ಇಲ್ಲ.

ಅಳತೆ ಇದ್ದರೆ ಏನಾಗುತ್ತೆ ಅನ್ನೋದಕ್ಕೆ ಕೀನ್ಯಾದಲ್ಲೇ ಉದಾಹರಣೆ ಇದೆ. ಮೊಂಬಾಸಾದ ಓವಿನೋ ಉಹುರು ಬಡಾವಣೆಯ ಪಕ್ಕ ಹಳೇ ಬ್ಯಾಟರಿ ಕರಗಿಸೋ ಕಾರ್ಖಾನೆ ಇತ್ತು. ಅಲ್ಲೇ ಕೆಲಸ ಮಾಡ್ತಿದ್ದ ಫಿಲ್ಲಿಸ್ ಒಮಿಡೊ ಅವರ ಮಗುವಿನ ರಕ್ತದಲ್ಲಿ ಸೀಸ ಸಿಕ್ಕಿತು. ಅವರು ಬಿಡಲಿಲ್ಲ, ಬೇರೆ ಮಕ್ಕಳ ರಕ್ತಪರೀಕ್ಷೆಯನ್ನೂ ಮಾಡಿಸಿದರು. 2014ರಲ್ಲಿ ಕಾರ್ಖಾನೆ ಮುಚ್ಚಿತು, 2020ರಲ್ಲಿ ನ್ಯಾಯಾಲಯ ನಿವಾಸಿಗಳಿಗೆ 130 ಕೋಟಿ ಶಿಲ್ಲಿಂಗ್ ಪರಿಹಾರ ಕೊಡಬೇಕು ಅಂದಿತು, 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನ ಎತ್ತಿಹಿಡಿಯಿತು. ರಕ್ತದ ರಿಪೋರ್ಟು ಇಲ್ಲದಿದ್ದರೆ ಅದೂ ‘ಜನರ ಭ್ರಮೆ’ ಅನ್ನಿಸಿಕೊಂಡು ಮುಗೀತಿತ್ತು.

ಸಿಯಾಯಾದ ವಿಷಯದಲ್ಲಿ ಒಂದು ಅದೃಷ್ಟ ಇದೆ, ನಮ್ಮ ಸಂಘದಲ್ಲಿ ಎಷ್ಟು ಜನಕ್ಕೆ ಗೊತ್ತೋ ಇಲ್ಲವೋ. ಕೀನ್ಯಾದ ವೈದ್ಯಕೀಯ ಸಂಶೋಧನಾ ಸಂಸ್ಥೆ ಕೆಮ್ರಿ, ಅಮೆರಿಕದ ಸಿಡಿಸಿ ಜೊತೆ ಸೇರಿ, 2001ರಿಂದ ಅದೇ ಕೌಂಟಿಯ ಅಸೆಂಬೊ, ಗೆಮ್ ಪ್ರದೇಶಗಳಲ್ಲಿ ಮನೆಮನೆಗೆ ಹೋಗಿ ಹುಟ್ಟು, ಸಾವು, ವಲಸೆಯ ಲೆಕ್ಕ ಬರೆಯೋ ಕೆಲಸ ಶುರು ಮಾಡಿತು. ಮುಂದೆ ಕರೆಮೊ ಕೂಡ ಸೇರಿ ಎರಡು ಲಕ್ಷಕ್ಕೂ ಹೆಚ್ಚು ಜನ ಅದರೊಳಗೆ ಬಂದರು. ಮಲೇರಿಯಾ, ಎಚ್‌ಐವಿ ಸಂಶೋಧನೆಗೆ ಕಟ್ಟಿದ ವ್ಯವಸ್ಥೆ ಅದು. ಅದರ ಮೇಲೆ ಕ್ಯಾನ್ಸರ್ ನೋಂದಣಿಯನ್ನ ಸೇರಿಸಿದರೆ ಕೈಗಾದಲ್ಲಿ ಕೊನೆಗೂ ಸಿಗದ ಪುಸ್ತಕ ಇಲ್ಲಿ ಸಿಗುತ್ತೆ. ಸ್ಥಾವರಕ್ಕೆ ಇನ್ನೂ ವರ್ಷಗಳಿವೆ, ಅಷ್ಟರಲ್ಲಿ ಹಲವು ವರ್ಷದ ಲೆಕ್ಕ ಕೂಡಿಸಬಹುದು.

ಸರೋವರಕ್ಕೂ ಅಂಥದೇ ಪುಸ್ತಕ ಬೇಕು. ಸ್ಥಾವರ ಬಿಡೋದು ಬಿಸಿನೀರು. ಕದ್ರಾದ ನೀರು ಕೊನೆಗೆ ಕಾರವಾರದಲ್ಲಿ ಸಮುದ್ರ ಸೇರುತ್ತೆ. ವಿಕ್ಟೋರಿಯಾದಿಂದ ಹೊರಗೆ ಹೋಗೋಕೆ ಇರೋ ನದಿ ನೈಲ್ ಒಂದೇ, ಅದೂ ಉಗಾಂಡಾದಲ್ಲಿ. ಪಾಚಿ, ಅಂತರಗಂಗೆಯಿಂದ ಈಗಾಗಲೇ ಏದುಸಿರು ಬಿಡ್ತಿರೋ ದಡ ಅದು. ಸರೋವರದಲ್ಲಿ ಕೀನ್ಯಾದ ಪಾಲು ಬರೀ ಶೇಕಡಾ 6, ಆದರೆ ಒಮೆನಾ ಮೀನು ಒಣಗಿಸಿ ಬದುಕೋರು ಮೂರು ದೇಶದಲ್ಲೂ ಇದ್ದಾರೆ.

‘ಕಲ್ಲಿದ್ದಲಿಗಿಂತ ಅಣು ವಾಸಿ ಅಲ್ವಾ?’ ಅನ್ನೋದು ನಮ್ಮವರ ಮಾಮೂಲಿ ಪ್ರಶ್ನೆ. ರಾಯಚೂರಿನ ಶಕ್ತಿನಗರದ ಹಾರುಬೂದಿ ನೋಡಿದವರಿಗೆ ಹಾಗನ್ನಿಸೋದು ಸರಿ. ಕಲ್ಲಿದ್ದಲಿನ ಹೊಗೆ ಕೊಲ್ಲೋ ಜನರ ಸಂಖ್ಯೆಯ ಮುಂದೆ ಅಣುವಿನದ್ದು ಚಿಕ್ಕದು. ಆದರೆ ಕೀನ್ಯಾದ ವಿದ್ಯುತ್ತಿನ ಬಹುಪಾಲು ಈಗಲೇ ಓಲ್ಕಾರಿಯಾದ ಭೂಶಾಖ, ಅಣೆಕಟ್ಟು ಮತ್ತು ಗಾಳಿಯಿಂದ ಬರುತ್ತೆ. ಲಾಮು ಕಲ್ಲಿದ್ದಲು ಸ್ಥಾವರದ ಪರವಾನಗಿಯನ್ನ 2019ರಲ್ಲಿ ಪರಿಸರ ನ್ಯಾಯಮಂಡಳಿ ರದ್ದು ಮಾಡಿತು. ಇಲ್ಲಿ ಅಣುವಿಗೆ ಎದುರಾಳಿ ರಾಯಚೂರಲ್ಲ, ಓಲ್ಕಾರಿಯಾ. ಅಲ್ಲೂ ಮಸಾಯಿ ಕುಟುಂಬಗಳು ಜಾಗ ಬಿಟ್ಟು ಏಳಬೇಕಾಯ್ತು, ಯಾವ ಕರೆಂಟೂ ಪುಕ್ಕಟೆ ಅಲ್ಲ. ಆದರೂ ಹೋಲಿಕೆ ಮಾಡೋದಾದರೆ ಸರಿಯಾದದ್ದರ ಜೊತೆ ಮಾಡಬೇಕು.

‘ಅಳೆಯೋಕೆ ಹೋದರೆ ಜನ ಇನ್ನೂ ಹೆದರ್ತಾರೆ’ ಅನ್ನೋದು ಇನ್ನೊಂದು ಆಕ್ಷೇಪ. ಕೈಗಾದ ಅನುಭವ ಇದಕ್ಕೆ ಉಲ್ಟಾ. ಲೆಕ್ಕ ಸಿಗದ ಕಡೆ ವದಂತಿಯೇ ಲೆಕ್ಕ ಆಗುತ್ತೆ. ಖರ್ಚಿನ ಮಾತಂತೂ ಬೇಡ, ಸ್ಥಾವರದ ವೆಚ್ಚದ ಮುಂದೆ ನೋಂದಣಿ ಪುಸ್ತಕದ ಖರ್ಚು ಸಾಸಿವೆ ಕಾಳು. ಆ ಹಣ ಬೇರೆ ನಿಧಿಯಲ್ಲಿರಲಿ, ಕೆಲಸ ಕೆಮ್ರಿ ಅಥವಾ ವಿಶ್ವವಿದ್ಯಾಲಯದ ಕೈಲಿರಲಿ, ಫಲಿತಾಂಶ ಪ್ರತಿವರ್ಷ ಅಲ್ಲಿನ ಜನರ ಲುವೊ ಭಾಷೆಯಲ್ಲಿ ಊರಿನ ಸಭೆಗೆ ಬರಲಿ.

ಕೊನೇ ಮಾತು ನಮ್ಮ ಬಗ್ಗೆ. ಕರೆನ್‌ನಲ್ಲಿ ಕರೆಂಟ್ ಹೋದರೆ ಐದು ನಿಮಿಷಕ್ಕೆ ಅಕ್ಕಪಕ್ಕದ ಜನರೇಟರ್‌ಗಳು ಗುಡುಗೋಕೆ ಶುರು ಮಾಡ್ತವೆ. ಸ್ಥಾವರ ಬಂದರೆ ಬೆಳಕು ನಮ್ಮಂಥವರ ಮನೆಗೆ, ಆತಂಕ ನಾನೂರು ಕಿಲೋಮೀಟರ್ ದೂರದ ಮೀನುಗಾರರ ಮನೆಗೆ. ಕಾಳಿ ಕಣಿವೆಗೂ ಬೆಂಗಳೂರಿಗೂ ನಡುವೆ ಇದೇ ಲೆಕ್ಕ ನಡೆದಿದೆ. ಇಲ್ಲಿನ ಕಾನೂನಿನ ಪ್ರಕಾರ ಪರಿಸರ ಪರಿಣಾಮದ ವರದಿ ಬಂದಾಗ ಸಾರ್ವಜನಿಕರ ಅಭಿಪ್ರಾಯ ಕೇಳಲೇಬೇಕು. ನಮ್ಮಲ್ಲಿ ಸಾರ್ವಜನಿಕ ಆರೋಗ್ಯ ಓದೋರಿದ್ದಾರೆ, ಸಂಖ್ಯಾಶಾಸ್ತ್ರದವರಿದ್ದಾರೆ, ಎಂಜಿನಿಯರ್‌ಗಳಿದ್ದಾರೆ. ಸಿಯಾಯಾ ಕಡೆಯ ಸಹಪಾಠಿಗಳ ಜೊತೆ ಕೂತು ಕೈಗಾದ ಕಥೆಯನ್ನ, ಒಳ್ಳೇದು ಕೆಟ್ಟದು ಎರಡನ್ನೂ, ಹಾಗೇ ಹೇಳೋಣ. ಅವರು ಬರೆಯೋ ಅಭಿಪ್ರಾಯಪತ್ರದಲ್ಲಿ ಆರೋಗ್ಯದ ಲೆಕ್ಕದ ಬೇಡಿಕೆ ಒಂದು ಸಾಲಾದರೂ ಸೇರಲಿ.