ಗಣಕ ವಿಜ್ಞಾನದ ಬಾಗಿಲು

ಪ್ಲಸ್ ಟು ಫಲಿತಾಂಶ ಹೊರಬೀಳುವ ಮೇ ತಿಂಗಳಿನಲ್ಲಿ ತಳಿ, ಡೆಂಕಣಿಕೋಟೆ, ಕೆಲಮಂಗಲ, ಹೊಸೂರುಗಳ ಮನೆಮನೆಯಲ್ಲಿಯೂ ಒಂದೇ ಪ್ರಶ್ನೆ ಏಳುತ್ತದೆ: ಮಕ್ಕಳನ್ನು ಮುಂದೆ ಏನು ಓದಿಸುವುದು? ಉತ್ತರವೂ ಬಹುಮಟ್ಟಿಗೆ ಒಂದೇ. ಕಂಪ್ಯೂಟರ್ ಸೈನ್ಸ್! ಇದರಲ್ಲಿ ಆಶ್ಚರ್ಯವೇನಿಲ್ಲ. ಹೊಸೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿಯೇ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ ನೆಲದಲ್ಲಿ, ಕಿಯೋನಿಕ್ಸ್ ಸಂಸ್ಥೆಯು 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ನೆಲೆಗೊಳಿಸಿತು. ಇಂದು ನಮ್ಮ ಸೀಮೆಯ ಎಷ್ಟೋ ಮನೆಗಳ ಮಕ್ಕಳು ದಿನವೂ ಅತ್ತಿಬೆಲೆಯ ಗಡಿ ದಾಟಿ ಅಲ್ಲಿಗೆ ದುಡಿಯಲು ಹೋಗಿ ಬರುತ್ತಾರೆ. ಕಣ್ಣೆದುರಿಗೆ ಕಾಣುವ ಉದ್ಯೋಗಕ್ಕೆ ಮನಸ್ಸು ಹರಿಯುವುದು ಸಹಜ.

ಆದರೆ ಈ ವಿದ್ಯೆಯ ಬಾಗಿಲು ತೆರೆಯುವ ಬಗೆಯನ್ನು ಬಲ್ಲವರು ನಮ್ಮಲ್ಲಿ ಕಡಮೆ. ಮಕ್ಕಳು ಹನ್ನೆರಡನೆಯ ತರಗತಿ ಮುಗಿಸಿದ ಮೇಲೆ ವಿಚಾರಿಸಲು ಹೊರಡುವವರೇ ಹೆಚ್ಚು. ವಾಸ್ತವವಾಗಿ ಬಾಗಿಲಿನ ಕೀಲಿಯು ಆರನೆಯ ತರಗತಿಯಿಂದಲೇ ನಮ್ಮ ಕೈಯಲ್ಲಿರುತ್ತದೆ. ಎಷ್ಟೋ ಸಲ ನಾವೇ ಅರಿಯದೆ ಅದನ್ನು ಕಳೆದುಹಾಕುತ್ತೇವೆ. ಆದುದರಿಂದ ಈ ತಿಂಗಳು ಅದನ್ನೇ ಕುರಿತು ನಾಲ್ಕು ಮಾತು.

ನಮ್ಮ ದೇಶದಲ್ಲಿ ಗಣಕ ವಿಜ್ಞಾನದ ವ್ಯಾಸಂಗಕ್ಕೆ ಬಹಳ ವಯಸ್ಸಾಗಿಲ್ಲ. 1963ರಲ್ಲಿ ಕಾನ್ಪುರದ ಐ.ಐ.ಟಿ.ಗೆ ಐ.ಬಿ.ಎಂ. 1620 ಎಂಬ ಯಂತ್ರ ಬಂದಾಗ ಅದರ ಶಿಕ್ಷಣವು ಬೇರುಬಿಟ್ಟಿತು. ಪದವಿ ಮಟ್ಟದಲ್ಲಿ ಅದು ಸ್ವತಂತ್ರ ವಿಷಯವಾದುದು 1970ರ ದಶಕದ ಕೊನೆಯ ಭಾಗದಲ್ಲಿ. ಇಂದು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಮೊದಲು ತುಂಬಿಹೋಗುವ ಸ್ಥಾನಗಳು ಬಹುತೇಕ ಈ ವಿಭಾಗದವೇ. ಬೇಡುವವರು ಹೆಚ್ಚಾಗಿ ಸ್ಥಾನಗಳು ಮಿತವಾಗಿರುವಲ್ಲಿ ಒಂದು ಅಳತೆಗೋಲು ಬೇಕೇ ಬೇಕು. ತಮಿಳುನಾಡಿನಲ್ಲಿ ಆ ಅಳತೆಗೋಲು ಯಾವುದೆಂಬುದನ್ನು ಮೊದಲು ತಿಳಿಯೋಣ.

1984ರಿಂದ ಇಲ್ಲಿ ಇಂಜಿನಿಯರಿಂಗ್ ವ್ಯಾಸಂಗಕ್ಕೆ ಪ್ರವೇಶ ಪರೀಕ್ಷೆಯೊಂದಿತ್ತು. ಪಟ್ಟಣಗಳ ತರಬೇತಿ ಕೇಂದ್ರಗಳಿಗೆ ಹೋಗಲಾರದ ಹಳ್ಳಿಯ ಮಕ್ಕಳಿಗೆ ಅದು ತೊಡಕಾಗುತ್ತದೆಂಬ ಕಾರಣದಿಂದ ಶಾಸನದ ಮೂಲಕ ಅದನ್ನು ರದ್ದುಪಡಿಸಲಾಯಿತು. 2007ರಿಂದ ಪ್ಲಸ್ ಟು ಅಂಕಗಳೇ ಆಧಾರ. ಗಣಿತದ ನೂರು ಅಂಕ, ಭೌತಶಾಸ್ತ್ರದ ಅಂಕದಲ್ಲಿ ಅರ್ಧ, ರಸಾಯನಶಾಸ್ತ್ರದ ಅಂಕದಲ್ಲಿ ಅರ್ಧ, ಹೀಗೆ ಒಟ್ಟು 200ಕ್ಕೆ ಲೆಕ್ಕ ಹಾಕುತ್ತಾರೆ. ಇದನ್ನೇ ಜನರು ಕಟ್ ಆಫ್ ಎಂದು ಕರೆಯುವುದು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಒಬ್ಬ ಹುಡುಗಿಗೆ ಗಣಿತದಲ್ಲಿ 92, ಭೌತಶಾಸ್ತ್ರದಲ್ಲಿ 84, ರಸಾಯನದಲ್ಲಿ 88 ಬಂದಿದೆಯೆನ್ನಿ. ಆಕೆಯ ಲೆಕ್ಕ 92, 42, 44 ಕೂಡಿ 178. ಅವಳ ಸಹಪಾಠಿಗೆ ಗಣಿತದಲ್ಲಿ 84, ಭೌತಶಾಸ್ತ್ರದಲ್ಲಿ 92, ರಸಾಯನದಲ್ಲಿ 88. ಮೂರು ವಿಷಯಗಳ ಮೊತ್ತ ಇಬ್ಬರದೂ 264. ಆದರೆ ಅವನ ಲೆಕ್ಕ 84, 46, 44 ಕೂಡಿ 174 ಮಾತ್ರ. ಈ ನಾಲ್ಕು ಅಂಕಗಳ ಅಂತರದಲ್ಲಿ ಎಷ್ಟೋ ಮಂದಿ ನಡುವೆ ಬಂದು ನಿಲ್ಲುತ್ತಾರೆ. ಗಣಿತದ ಒಂದು ಅಂಕವು ಉಳಿದೆರಡು ವಿಷಯಗಳ ಎರಡು ಅಂಕಗಳಿಗೆ ಸಮ. ಇಬ್ಬರ ಲೆಕ್ಕವೂ ಸಮವಾದಾಗ ಮೊದಲು ನೋಡುವುದು ಗಣಿತದ ಅಂಕವನ್ನೇ.

ಈ ಲೆಕ್ಕದಲ್ಲಿ ಇನ್ನೊಂದು ಸಂಗತಿ ಅಡಗಿದೆ. ನಮ್ಮವರು ಅದನ್ನು ಚೆನ್ನಾಗಿ ಗಮನಿಸಬೇಕು. ಭಾಷಾ ವಿಷಯಗಳಲ್ಲಿ ತೇರ್ಗಡೆಯಾಗಲೇಬೇಕು. ಆದರೆ ಅವುಗಳ ಅಂಕ ಈ 200ರೊಳಗೆ ಸೇರುವುದಿಲ್ಲ. ಅಂದರೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಎಂದು ಮೂರು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಗುವಿಗೆ ಭಾಷೆಯ ಕಾರಣದಿಂದ ಈ ಲೆಕ್ಕದಲ್ಲಿ ಒಂದು ಅಂಕವೂ ಕಡಮೆಯಾಗುವುದಿಲ್ಲ. ಹಾಗೆಯೇ ಹನ್ನೊಂದನೆಯ ತರಗತಿಯಲ್ಲಿ ಕಂಪ್ಯೂಟರ್ ವಿಷಯವಿರುವ ಗುಂಪನ್ನೇ ಆರಿಸಬೇಕೆಂಬ ನಿರ್ಬಂಧವೂ ಇಲ್ಲ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಜೊತೆಗೆ ಜೀವಶಾಸ್ತ್ರ ಓದಿದವರಿಗೂ ಈ ಬಾಗಿಲು ತೆರೆದಿದೆ. ವಾಣಿಜ್ಯದ ಗುಂಪಿಗೆ ಸೇರಿ ಅದರೊಳಗೆ ಕಂಪ್ಯೂಟರ್ ಓದಿದವರಿಗೆ ಮಾತ್ರ ಇಂಜಿನಿಯರಿಂಗ್ ದಾರಿ ಮುಚ್ಚಿಹೋಗುತ್ತದೆ. ಕಂಪ್ಯೂಟರ್ ಎಂಬ ಹೆಸರನ್ನು ಕಂಡು ಗುಂಪು ಆರಿಸುವುದು ಸರಿಯಲ್ಲ. ಗಣಿತ ಇದೆಯೇ ಎಂದು ನೋಡಿ ಆರಿಸತಕ್ಕದ್ದು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. 2021ರಲ್ಲಿ ತಮಿಳುನಾಡು ಸರ್ಕಾರವು ಒಂದು ಶಾಸನ ಮಾಡಿ, ಇಂಜಿನಿಯರಿಂಗ್ ಮೊದಲಾದ ವೃತ್ತಿ ವ್ಯಾಸಂಗಗಳಲ್ಲಿ ಸರ್ಕಾರಿ ಶಾಲೆಗಳ ವಿದ್ಯಾರ್ಥಿಗಳಿಗೆ ಶೇಕಡಾ 7.5ರಷ್ಟು ಸ್ಥಾನಗಳನ್ನು ಮೀಸಲಿರಿಸಿತು. ಹೀಗೆ ಸೇರಿದವರ ಬೋಧನಾ ಶುಲ್ಕವನ್ನೂ ವಿದ್ಯಾರ್ಥಿನಿಲಯದ ವೆಚ್ಚವನ್ನೂ ಸರ್ಕಾರವೇ ಭರಿಸುತ್ತದೆ. ಆರನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗೆ ರಾಜ್ಯದ ಸರ್ಕಾರಿ ಶಾಲೆಯಲ್ಲಿ ಓದಿರಬೇಕೆಂಬುದು ಇದರ ಮುಖ್ಯ ಷರತ್ತು. ಅನುದಾನಿತ ಖಾಸಗಿ ಶಾಲೆಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಶಾಲೆ ಸರ್ಕಾರದ್ದೇ ಎಂಬುದು ಇಲ್ಲಿನ ಪ್ರಶ್ನೆ. ಕನ್ನಡ ಮಾಧ್ಯಮವೇ, ತಮಿಳು ಮಾಧ್ಯಮವೇ ಎಂಬುದಲ್ಲ.

ನಮ್ಮಲ್ಲಿ ನಡೆಯುತ್ತಿರುವುದೇನು? ಕನ್ನಡ ಶಾಲೆಯಲ್ಲಿ ಏಳು, ಎಂಟನೆಯ ತರಗತಿಯವರೆಗೆ ಚೆನ್ನಾಗಿ ಓದುತ್ತಿದ್ದ ಮಗುವನ್ನು, "ಕಂಪ್ಯೂಟರ್ ಓದಬೇಕಾದರೆ ಇಂಗ್ಲಿಷ್ ಬೇಕಲ್ಲವೇ?" ಎಂದು ನೆರೆಯವರು ಆಡಿದ ಒಂದು ಮಾತಿಗೆ ಬೆದರಿ, ಸಾಲ ಮಾಡಿ ಖಾಸಗಿ ಶಾಲೆಗೆ ಸೇರಿಸುತ್ತೇವೆ. ಆ ಒಂದು ವರ್ಗಾವಣೆ ಪತ್ರದೊಂದಿಗೆ ಶೇಕಡಾ 7.5ರ ಹಕ್ಕೂ, ನಾಲ್ಕು ವರ್ಷಗಳ ಶುಲ್ಕದ ನೆರವೂ ಕೈಬಿಟ್ಟು ಹೋಗುತ್ತವೆ. ಮೇಲಾಗಿ ಭಾಷೆ ಬದಲಾದ ಗಾಬರಿಯಲ್ಲಿ ಮಗುವಿನ ಗಣಿತವೇ ಕುಗ್ಗುವುದುಂಟು. ಯಾವುದರ ಸಲುವಾಗಿ ಇಷ್ಟೆಲ್ಲ ಮಾಡಿದೆವೋ ಅದೇ ದೂರವಾದಂತಾಯಿತು.

ಇಂಗ್ಲಿಷ್ ಬೇಡವೆಂದು ಇದರ ಅರ್ಥವಲ್ಲ. ಕಾಲೇಜಿನ ಪಾಠವೆಲ್ಲ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ. ಮೊದಲ ವರ್ಷದಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಪಡುವ ಕಷ್ಟ ಸಣ್ಣದಲ್ಲ. ಅದಕ್ಕೆ ಔಷಧಿ ಶಾಲೆ ಬಿಡಿಸುವುದಲ್ಲ. ಒಂಬತ್ತನೆಯ ತರಗತಿಯಿಂದಲೇ ಗಣಿತ, ವಿಜ್ಞಾನಗಳ ಪಾರಿಭಾಷಿಕ ಶಬ್ದಗಳನ್ನು ಎರಡು ಭಾಷೆಗಳಲ್ಲಿಯೂ ಬರೆದುಕೊಂಡು ಕಲಿಯುವ ಅಭ್ಯಾಸ ಮಾಡಿಸಿದರೆ ಅರ್ಧ ಭಯ ಕಳೆಯುತ್ತದೆ. ರಾಷ್ಟ್ರಮಟ್ಟದ ಜೆ.ಇ.ಇ. ಮೈನ್ ಪರೀಕ್ಷೆಯ ಪ್ರಶ್ನೆಪತ್ರಿಕೆಯು 2021ರಿಂದ ಕನ್ನಡದಲ್ಲಿಯೂ ದೊರೆಯುತ್ತಿದೆಯೆಂಬುದನ್ನು ಇಲ್ಲಿ ನೆನೆಯಬಹುದು. ಐ.ಐ.ಟಿ.ಗಳಿಗೆ ಸೇರಲು ಬರೆಯಬೇಕಾದ ಅದರ ಮುಂದಿನ ಪರೀಕ್ಷೆಯು ಇಂಗ್ಲಿಷ್ ಮತ್ತು ಹಿಂದಿಗಳಲ್ಲಿ ಮಾತ್ರ.

ಗಡಿಯಾಚೆಯ ಸಂಗತಿಯೂ ನಮ್ಮನ್ನು ಕಾಡುವಂಥದೇ. ಹತ್ತನೆಯ ತರಗತಿ ಮುಗಿದೊಡನೆ ಮಕ್ಕಳನ್ನು ಆನೇಕಲ್ಲಿಗೋ ಬೆಂಗಳೂರಿಗೋ ಕಳುಹಿಸಿ ಪಿ.ಯು.ಸಿ. ಓದಿಸಿದರೆ ಕರ್ನಾಟಕದ ಸಿ.ಇ.ಟಿ. ಮೂಲಕ ಸ್ಥಾನ ಸಿಕ್ಕೇ ಸಿಗುತ್ತದೆಂದು ಹಲವರು ನಂಬಿದ್ದಾರೆ. ಅಲ್ಲಿ ಪಿ.ಯು.ಸಿ. ಅಂಕಕ್ಕೆ ಅರ್ಧ, ಸಿ.ಇ.ಟಿ. ಅಂಕಕ್ಕೆ ಅರ್ಧ ಬೆಲೆಯಿಟ್ಟು ರ‍್ಯಾಂಕ್ ಕಟ್ಟುತ್ತಾರೆ. ಆದರೆ ಸರ್ಕಾರಿ ಸ್ಥಾನಕ್ಕೆ ಅರ್ಹತೆ ಬೇಕು. ಸಾಮಾನ್ಯ ಕಲಮಿನ ಪ್ರಕಾರ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು. ಎರಡು ವರ್ಷದ ಪಿ.ಯು.ಸಿ. ಒಂದೇ ಸಾಲದು. ಇತ್ತ ತಮಿಳುನಾಡಿನಲ್ಲಿ ಎಂಟರಿಂದ ಹನ್ನೆರಡರವರೆಗೆ ಇಲ್ಲಿಯೇ ಓದದವರು ಇಲ್ಲಿನ ನಿವಾಸಿಗಳೆಂಬ ಪ್ರಮಾಣಪತ್ರ ಒದಗಿಸಬೇಕಾಗುತ್ತದೆ. ಸರ್ಕಾರಿ ಶಾಲೆಯ ಮೀಸಲಾತಿಯಂತೂ ಹೋದಂತೆಯೇ. ಎಚ್ಚರ ತಪ್ಪಿದರೆ ಮಗು ಎರಡು ರಾಜ್ಯಗಳ ನಡುವೆ ಎಲ್ಲಿಗೂ ಸೇರದೆ ನಿಲ್ಲುತ್ತದೆ.

ಆದರೂ ಇಲ್ಲಿ ಒಂದು ಒಳದಾರಿಯುಂಟು. ವಿದ್ಯಾರ್ಥಿಯು ಎರಡು ವರ್ಷದ ಪಿ.ಯು.ಸಿ.ಯನ್ನು ಕರ್ನಾಟಕದಲ್ಲಿ ಓದಿ ತೇರ್ಗಡೆಯಾಗಿದ್ದು, ತಂದೆ ತಾಯಿಯರಲ್ಲಿ ಒಬ್ಬರು ಅಲ್ಲಿ ಕನಿಷ್ಠ ಏಳು ವರ್ಷ ಓದಿದ್ದರೆ ಅರ್ಹತೆ ದೊರೆಯುತ್ತದೆ. ನಮ್ಮ ಸೀಮೆಗೆ ಆನೇಕಲ್, ಕನಕಪುರಗಳ ಕಡೆಯಿಂದ ಸೊಸೆಯರಾಗಿ ಬಂದವರು ಎಷ್ಟು ಮಂದಿಯಿಲ್ಲ! ಆ ತಾಯಂದಿರು ಒಂದರಿಂದ ಏಳರವರೆಗೆ ಓದಿದ ಹಳ್ಳಿಯ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರವನ್ನು ತರಿಸಿದರೆ ಅದೇ ಮಗನಿಗೋ ಮಗಳಿಗೋ ಆಧಾರವಾಗಬಹುದು. ತಾಯಿಯ ಓದು ಒಲೆಯ ಮುಂದೆ ವ್ಯರ್ಥವಾಯಿತೆನ್ನುವವರು ಈ ಕಲಮನ್ನು ಓದಬೇಕು. ಇದಲ್ಲದೆ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆಂದು ಬೇರೆ ಕಲಮುಗಳಿವೆ; ಅವುಗಳನ್ನು ಕೋರುವವರು ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಕನ್ನಡ ಓದು ಬರಹವನ್ನು ಉಳಿಸಿಕೊಂಡ ಮಗುವಿಗೆ ಮಾತ್ರ ಆ ಕದ ತೆರೆದೀತು. ಗಡಿನಾಡು ಎಂಬ ಶಬ್ದ ಕಂಡೊಡನೆ ನಮ್ಮೂರೂ ಅದರಲ್ಲಿ ಸೇರಿತೆಂದು ಭಾವಿಸದೆ, ಆಯಾ ವರ್ಷದ ಕೈಪಿಡಿಯಲ್ಲಿ ಯಾವ ಪ್ರದೇಶಗಳ ಹೆಸರಿದೆಯೆಂದು ಓದಿ ನೋಡಿಯೇ ಅರ್ಜಿ ಹಾಕತಕ್ಕದ್ದು.

ಅರ್ಜಿಯ ಕಾಲದಲ್ಲಿ ಆಗುವ ಎಡವಟ್ಟುಗಳೂ ಕಡಮೆಯಲ್ಲ. 2018ರಿಂದ ತಮಿಳುನಾಡಿನ ಕೌನ್ಸೆಲಿಂಗ್ ಆನ್‌ಲೈನ್ ಆಗಿದೆ. ಕಾಲೇಜು ಮತ್ತು ವಿಭಾಗಗಳನ್ನು ವಿದ್ಯಾರ್ಥಿಯೇ ತನ್ನ ಇಷ್ಟದ ಕ್ರಮದಲ್ಲಿ ಬರೆಯಬೇಕು. ಸಿಗುವುದು ಕಷ್ಟವೆಂದು ಇಷ್ಟವಾದುದನ್ನು ಕೆಳಗೆ ಬರೆಯುವುದೂ, ನಾಲ್ಕೈದು ಹೆಸರು ಬರೆದು ನಿಲ್ಲಿಸುವುದೂ ಎರಡೂ ತಪ್ಪು. ಗಿಂಡಿಯ ಕಾಲೇಜನ್ನು ಬಯಸುವವರು ಅದನ್ನು ಮೊದಲಿಗೇ ಬರೆಯಲಿ. ಅದರ ಕೆಳಗೆ ನಮ್ಮ ಜಿಲ್ಲೆಯ ಬರಗೂರಿನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜೂ ಇರಲಿ. ಜಾತಿ, ಆದಾಯ, ನಿವಾಸ ಪ್ರಮಾಣಪತ್ರಗಳನ್ನು ಫಲಿತಾಂಶಕ್ಕೆ ಮೊದಲೇ ಇ-ಸೇವಾ ಕೇಂದ್ರದಲ್ಲಿ ಮಾಡಿಸಿಡಬೇಕು. ಮನೆತನದಲ್ಲಿ ಯಾರೂ ಪದವೀಧರರಿಲ್ಲದಿದ್ದರೆ ಮೊದಲ ಪದವೀಧರ ಪ್ರಮಾಣಪತ್ರವನ್ನೂ ಪಡೆಯಿರಿ. ಬೋಧನಾ ಶುಲ್ಕದಲ್ಲಿ ರಿಯಾಯಿತಿ ದೊರೆಯುತ್ತದೆ.

ಇಷ್ಟಾಗಿಯೂ ಅಂಕ ಸಾಲದೆ ಹೋದರೆ ಮಗು ಕೆಟ್ಟಿತೆಂದು ಕೊರಗಬೇಕಾಗಿಲ್ಲ. ಹತ್ತನೆಯ ತರಗತಿಯ ಬಳಿಕ ಪಾಲಿಟೆಕ್ನಿಕ್ ಸೇರಿ ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಕಲಾ ಮತ್ತು ವಿಜ್ಞಾನ ಕಾಲೇಜುಗಳಲ್ಲಿ ಬಿ.ಎಸ್‌ಸಿ. ಅಥವಾ ಬಿ.ಸಿ.ಎ. ಓದಿ, ಟ್ಯಾನ್ಸೆಟ್ ಪರೀಕ್ಷೆ ಬರೆದು ಎಂ.ಸಿ.ಎ.ಗೆ ಹೋಗುವ ದಾರಿಯೂ ಇದೆ. ಸುತ್ತುದಾರಿಯಾದರೂ ಊರು ಸೇರಿಸುವ ದಾರಿಯೇ.

ವಾಚಕ ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಐದನೆಯ ತರಗತಿ ಮುಗಿಸುತ್ತಿರುವ ಮಗುವಿದ್ದರೆ, ಶಾಲೆ ಬದಲಿಸುವ ಮುನ್ನ ಈ ಪುಟವನ್ನು ಮನೆಯ ಹಿರಿಯರ ಮುಂದೆ ಒಮ್ಮೆ ಓದಿ. ಹಣ ಕೊಟ್ಟು ಕೊಳ್ಳಬೇಕೆಂದು ಭಾವಿಸಿದ್ದ ಎಷ್ಟೋ ಅನುಕೂಲಗಳು ನಮ್ಮೂರಿನ ಶಾಲೆಯ ಹಾಜರಿ ಪುಸ್ತಕದಲ್ಲಿಯೇ ಇವೆ. ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ಮಗುವನ್ನು ಗಣಿತದ ಮುಂದೆ ಕೂರಿಸುವುದೊಂದೇ ನಮಗುಳಿದ ಕೆಲಸ.