ತಾಯಿ ಕೆಲಸಕ್ಕೆ ಹೊರಟರೆ ಕೂಸು ಯಾರ ಮಡಿಲಲ್ಲಿ?



ಅಂಗನವಾಡಿಯ ತಕ್ಕಡಿಯಲ್ಲಿ ಕೂಸಿನ ತೂಕ ಇಳಿದಾಗಲೆಲ್ಲ ಬೆಂಗಳೂರಿನ ಕೊಳೆಗೇರಿಯ ತಾಯಿ ಕೇಳಿಸಿಕೊಳ್ಳುವ ಮಾತು ಒಂದೇ: "ಹೆತ್ತರೆ ಆಯ್ತಾ, ನೋಡ್ಕೋಬೇಡ್ವಾ?" ಅಪ್ಪಂದಿರನ್ನು ಯಾರೂ ಹೀಗೆ ಕೇಳುವುದಿಲ್ಲ, ಬಿಡಿ.

ಆರು ತಿಂಗಳು ಎದೆಹಾಲು ಮಾತ್ರ, ನೀರೂ ಬೇಡ. ಇದು ಆಕೆಗೂ ಗೊತ್ತು. ಆದರೆ ತವರಿನ ಬಾಣಂತನ ಮೂರನೇ ತಿಂಗಳಿಗೆ ಮುಗಿಯಿತು. ರಾಯಚೂರಿನಿಂದಲೋ ಕಲಬುರಗಿಯಿಂದಲೋ ಮರಳಿದವಳಿಗೆ ಇಲ್ಲಿ ಅವ್ವನಿಲ್ಲ, ಅತ್ತೆಯಿಲ್ಲ. ಇರುವುದು ಬಾಡಿಗೆ, ಸಂಘದ ಸಾಲದ ಕಂತು. ನಸುಕಿಗೇ ನಾಲ್ಕು ಮನೆಯ ಪಾತ್ರೆ ತಿಕ್ಕಲು ಹೊರಟರೆ ಕೂಸಿಗೆ ಎಂಟು ವರ್ಷದ ಅಕ್ಕನೇ ತಾಯಿ. ಅವಳ ಶಾಲೆಯೂ ಹೋಯಿತು. ನೀರು ಬೆರೆಸಿದ ಪ್ಯಾಕೆಟ್ ಹಾಲು, ಸರಿಯಾಗಿ ಕುದಿಸದ ಬಾಟಲಿ, ಟ್ಯಾಂಕರ್ ನೀರು, ಭೇದಿ ಶುರು. ಕಳೆದ ತೂಕ ಮರಳುವ ಮುಂಚೆ ಇನ್ನೊಮ್ಮೆ ಭೇದಿ. ಇತ್ತ ಕುಡಿಯುವ ಬಾಯಿ ದೂರವಾಗಿ ಎದೆಹಾಲೂ ಇಂಗುತ್ತದೆ. ಆಮೇಲೆ ಅವಳಿಗೆ 'ಹಾಲಿಲ್ಲದವಳು' ಎಂಬ ಹೆಸರು ಬೇರೆ.

ಮತ್ತೆ ಮತ್ತೆ ಭೇದಿಯಾದ ಕೂಸಿನ ಬೆಳವಣಿಗೆಯೇ ಕುಂಠಿತವಾಗುತ್ತದೆ. ಇದು ಒಂದೆರಡು ಮನೆಯ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ.

ಕಾನೂನು ಇಲ್ಲವೇ? ಇದೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಬಂದ 26 ವಾರ ಸಂಬಳಸಹಿತ ಹೆರಿಗೆ ರಜೆ. 50 ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ. ಆದರೆ ಮನೆಗೆಲಸದವಳು, ಹೂ ಮಾರುವವಳು, ಚಿಂದಿ ಆಯುವವಳು ಯಾವ ಹಾಜರಿ ಪುಸ್ತಕದಲ್ಲಿದ್ದಾರೆ? ಮೊದಲ ಹೆರಿಗೆಗೆ ಸರ್ಕಾರದ ಮಾತೃವಂದನಾ ಯೋಜನೆ ಕೊಡುವ 5,000 ರೂಪಾಯಿ ಎಷ್ಟು ದಿನದ ಕೂಲಿಗೆ ಸಮ, ನೀವೇ ಲೆಕ್ಕ ಹಾಕಿ.

ಹಳ್ಳಿಯಲ್ಲಿ ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳು 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆದಿವೆ. ಒಳ್ಳೆಯ ಕೆಲಸ. ನಗರದ ಕೂಸು ಮಾಡಿದ ತಪ್ಪೇನು?

ನಾವು ಕೇಳುವುದಿಷ್ಟು. ಪ್ರತಿ ವಾರ್ಡಿನಲ್ಲೂ, ಕೊಳೆಗೇರಿಯಿಂದ ನಡೆದು ಹೋಗುವಷ್ಟು ಹತ್ತಿರ, ಬೆಳಗ್ಗೆ 6ಕ್ಕೇ ಬಾಗಿಲು ತೆರೆಯುವ ಕೂಸಿನ ಮನೆ ಬೇಕು. ಆರು ತಿಂಗಳು ತುಂಬಲಿ ಎನ್ನದೆ ಮೂರು ತಿಂಗಳ ಕೂಸನ್ನೂ ಸೇರಿಸಿಕೊಳ್ಳಲಿ. ಎದೆಹಾಲು ತಪ್ಪುವುದೇ ಈ ಮೂರರಿಂದ ಆರನೇ ತಿಂಗಳ ನಡುವೆ. ಹಿಂಡಿಟ್ಟ ಹಾಲಿಗೆ ಫ್ರಿಜ್ ಇರಲಿ, ದೊಡ್ಡ ಮಕ್ಕಳಿಗೆ ರಾಗಿ ಸರಿ, ಬೇಳೆಕಟ್ಟು, ಮೊಟ್ಟೆ ಇರಲಿ.

ಮನೆಗೆಲಸಕ್ಕೆ ಜನ ಇಟ್ಟುಕೊಂಡವರಿಗೂ ಒಂದು ಮಾತು: ಬಾಣಂತಿ ಹಾಲೂಡಿಸಿ ಬರಲು ಅರ್ಧ ಗಂಟೆ ಬಿಡಿ, ಸಂಬಳ ಮುರಿಯಬೇಡಿ. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ.

ಪಾಲಿಕೆಗೆ ವೋಟು ಕೇಳಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿ: ನಮ್ಮ ವಾರ್ಡಿನ ಕೂಸಿನ ಮನೆಗೆ ಜಾಗ ಎಲ್ಲಿ, ತೆರೆಯುವುದು ಯಾವ ತಿಂಗಳು?